ಯೋಗ ಕ್ಲಾಸು, ಹೂಲಾ ಹೂಪು ಎರಡೂ ಒಟ್ಟಿಗೆ ಶುರು ಮಾಡಿದೆ, ಎರಡರಲ್ಲೂ ಫೇಲ್. ಎಂತ ತಪ್ಪಾಗ್ತಾ ಉಂಟು?

ಜಾಲಿನ_ಬೆಕ್ಕು (ಮುಳ್ಳೇರಿಯ ಕಡೆ, ಕೇರಳದ ಕಾಸರಗೋಡು ಜಿಲ್ಲೆ):

ನಮಸ್ಕಾರ ಎಲ್ರಿಗೂ, ಸ್ವಲ್ಪ ಉದ್ದ ಉಂಟು, ಸಹಿಸ್ಕೊಳ್ಳಿ. ನನ್ನ ತವರು ಪುತ್ತೂರು ಕಡೆ, ಮದ್ವೆ ಆದ್ಮೇಲೆ ಹನ್ನೊಂದು ವರ್ಷ ಬೆಂಗ್ಳೂರಲ್ಲಿದ್ದು ಕಳೆದ ವರ್ಷ ಗಂಡನ ಮನೆಗೆ ಬಂದು ಕೂತದ್ದು, ಕೂತದ್ದು ಅಂದ್ರೆ ನಿಜವಾಗ್ಲೂ ಕೂತದ್ದೇ, ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್ ಎದುರು ಕೂತ್ರೆ ಏಳುದು ದೀಪ ಹಚ್ಚಿದ ಮೇಲೆ. ವಯಸ್ಸು 38. ಸೊಂಟ ಹಿಡ್ಕೊಂಡು ಡಾಕ್ಟ್ರ ಹತ್ರ ಹೋದ್ರೆ ಅವ್ರು ಎಕ್ಸ್‌ರೇ ನೋಡಿ ಮೂಳೆಗೆ ಎಂತದೂ ಆಗ್ಲಿಲ್ಲ, ನೀವು ಅಲ್ಲಾಡುದಿಲ್ಲ ಅಷ್ಟೇ ಅಂದ್ರು. ಹಾಗೆ ಎರಡು ತಿಂಗಳ ಹಿಂದೆ ಒಂದೇ ವಾರದಲ್ಲಿ ಎರಡೆರಡು ಹುಚ್ಚು ಹಿಡಿಸ್ಕೊಂಡೆ.

ಒಂದು ಯೋಗ ಕ್ಲಾಸು. ಮನೆಯಿಂದ ಸ್ಕೂಟರಲ್ಲಿ ಇಪ್ಪತ್ತು ನಿಮಿಷ, ಒಂದು ವಾಯನಶಾಲೆಯ, ಅಂದ್ರೆ ಲೈಬ್ರರಿಯ, ಮಾಳಿಗೆಯಲ್ಲಿ, ವಾರಕ್ಕೆ ಮೂರು ದಿನ ಬೆಳಿಗ್ಗೆ ಆರೂವರೆಗೆ. ಟೀಚರು ಒಳ್ಳೆಯವ್ರು, ಆದ್ರೆ ಪೂರ್ತಿ ಮಲಯಾಳ, ನನ್ನ ಮಲಯಾಳ ಬಸ್ಸಿನ ಟಿಕೇಟಿಗೆ ಮತ್ತೆ ತರಕಾರಿ ಅಂಗಡಿಗೆ ಸಾಕಾಗುವಷ್ಟು ಮಾತ್ರ. ಶ್ವಾಸಂ ಎಡುಕ್ಕ ಅಂದ್ರೆ ಉಸಿರು ತೆಕ್ಕೊಳ್ಳುದು ಅಂತ ಗೊತ್ತಾಗ್ತದೆ. ಮುಂದೆ ಬಗ್ಗಿಸುವಾಗ ಅವ್ರು ಪದುಕ್ಕೆ, ಪದುಕ್ಕೆ ಅಂತಾರೆ, ಅಂದ್ರೆ ಹತ್ತು ಎಣಿಸುವ ತನಕ, ನಮ್ಮ ತುಳುವಿನ ಪತ್ತ್ ಉಂಟಲ್ಲ ಹಾಗೆ, ನಾನು ಉಸಿರು ಬಿಗಿ ಹಿಡಿದು ಸರಿಯಾಗಿ ಹತ್ತು ಎಣಿಸ್ತೇನೆ ಮಾರಾಯ್ರೆ, ಉಳಿದವ್ರೆಲ್ಲ ನಾಲ್ಕಕ್ಕೋ ಐದಕ್ಕೋ ಎದ್ದು ಆಗಿರ್ತದೆ, ಯಾರೂ ನಿಯತ್ತಲ್ಲಿ ಮಾಡುದಿಲ್ಲ ಅಂತ ಕಾಣ್ತದೆ. ಸೂರ್ಯ ನಮಸ್ಕಾರ ನಾಲ್ಕನೇ ಸುತ್ತಿಗೆ ಬರುವಾಗ ನಂಗೆ ಕಣ್ಣು ಕತ್ತಲೆ ಕಟ್ತದೆ, ಪುಸ್ತಕದ ಕಪಾಟು ಹಿಡ್ಕೊಂಡು ನಿಲ್ತೇನೆ. ಪಕ್ಕದ ಮ್ಯಾಟಲ್ಲಿ ಒಬ್ರು ಅಜ್ಜಿ, ಅರುವತ್ತೈದು ದಾಟಿರ್ಬಹುದು, ಅವ್ರು ಬಗ್ಗಿದ್ರೆ ಮಡಚಿಟ್ಟ ಸೀರೆ ಹಾಗೆ, ಹಣೆ ಹೋಗಿ ಮೊಣಗಂಟಿಗೆ ತಾಗ್ತದೆ. ನನ್ನ ಬೆರಳು ಮೊಣಗಂಟಿಂದ ನಾಲ್ಕು ಇಂಚು ಕೆಳಗೆ ಹೋಗಿ ಅಲ್ಲಿಗೆ ಸ್ಟಾಪ್. ಮಣಿಕಟ್ಟು ನೋವು ಬೇರೆ.

ಇನ್ನೊಂದು ಹೂಪು, ಸೊಂಟಕ್ಕೆ ಹಾಕಿ ತಿರುಗಿಸುವ ದೊಡ್ಡ ಬಳೆ. 2020ರಲ್ಲಿ ಲಾಕ್‌ಡೌನ್ ಟೈಮಲ್ಲಿ ಎಶ್ನಾ ಕುಟ್ಟಿ ಅಂತ ದೆಹಲಿಯ ಹುಡುಗಿ ಸೀರೆ ಉಟ್ಟು, ಕಾಲಿಗೆ ಸ್ನೀಕರ್ಸ್ ಹಾಕಿ ಹೂಪ್ ತಿರುಗಿಸಿದ ವಿಡಿಯೋ ವೈರಲ್ ಆಗಿತ್ತಲ್ಲ, ಆವತ್ತಿಂದ ಮನಸ್ಸಲ್ಲಿತ್ತು. ಆನ್‌ಲೈನಲ್ಲಿ ತರಿಸಿದೆ, ಎಂಟು ತುಂಡು ಬಂತು, ಗುಲಾಬಿ ಒಂದು ಹಳದಿ ಒಂದು, ಸಿಕ್ಕಿಸಿದ್ರೆ ಬಳೆ. ಇವತ್ತಿನ ತನಕ ನನ್ನ ರೆಕಾರ್ಡು ಮೂರು ಸುತ್ತು. ಮೂರನೇದ್ರಲ್ಲಿ ಅದು ಸೊಂಟದಿಂದ ಜಾರಿ ತೊಡೆ, ತೊಡೆಯಿಂದ ನೆಲ. ಸೊಂಟದ ಎಲುಬಿನ ಮೇಲೆ ನೀಲಿ ಗಟ್ಟಿದೆ, ಅತ್ತೆ ನೋಡಿ ಎಲ್ಲಿ ಬಿದ್ದದ್ದು ಅಂತ ಕೇಳಿದ್ರು. ಮೊನ್ನೆ ಅಂಗಳದಲ್ಲಿ ಅಡಿಕೆ ಒಣಗ್ಲಿಕ್ಕೆ ಹಾಕಿದ್ದ ಬದಿಯಲ್ಲಿ ನಿಂತು ಮಾಡುವಾಗ ಕೈ ತಪ್ಪಿ ಬಳೆ ಹಾರಿ ಅಡಿಕೆ ಮೇಲೆ ಉರುಳಿ ಹೋಯ್ತು, ಒಂದು ಗೆರೆ ಪೂರ್ತಿ ಚೆಲ್ಲಾಪಿಲ್ಲಿ. ಅತ್ತೆ ಬೈಲಿಲ್ಲ, "ಅಕ್ಕು, ಇಂದು ಅಡಕ್ಕೆ ಮೊಗಚ್ಚುವ ಕೆಲಸ ಒಳುದತ್ತು" ಅಂದ್ರು, ಅಂದ್ರೆ ಆಯ್ತು, ಇವತ್ತು ಅಡಿಕೆ ತಿರುವಿ ಹಾಕುವ ಕೆಲಸ ತಪ್ಪಿತು ಅಂತ. ಬೈದಿದ್ರೆ ಒಳ್ಳೆದಿತ್ತು.

ಈಗ ನನ್ನ ಪ್ರಶ್ನೆ ಎಂತ ಅಂದ್ರೆ, ಇದು ನನ್ನ ಮೈಯೇ ಆಗದ ಮೈಯಾ, ಅಥ್ವಾ ಎರಡೂ ಒಟ್ಟಿಗೆ ಮಾಡುದು ತಪ್ಪಾ, ಒಂದು ಬಿಡ್ಬೇಕಾ, ಬಿಟ್ರೆ ಯಾವ್ದು? ಮತ್ತೆ ತಲೆ ತಿರುಗುದಕ್ಕೆ ಹೆದರ್ಬೇಕಾ? ನಗುವವ್ರು ನಗಿ, ಆದ್ರೆ ಉತ್ತರ ಕೊಟ್ಟು ನಗಿ.

ಸುಮ್ನೆ_ಓದುವವ (ಕುಂಬಳೆ):

ಅಡಿಕೆ ಮೊಗಚುವ ಮಿಷನ್ ಕಂಡುಹಿಡಿದಿದ್ದೀರಿ, ಪೇಟೆಂಟ್ ಮಾಡಿ. ಉತ್ತರ ಗೊತ್ತಿಲ್ಲ, ನಕ್ಕದ್ದು ಮಾತ್ರ.

ಬಳೆಗಾರ್ತಿ (ಉಪ್ಪಳ):

ನಾಲ್ಕು ವರ್ಷದಿಂದ ಹೂಪ್ ಮಾಡ್ತಾ ಇದ್ದೇನೆ, ಯೋಗದ ವಿಷಯ ಬೇರೆಯವ್ರು ಹೇಳ್ಲಿ. ಮೊದ್ಲು ಒಂದು ಕೆಲ್ಸ ಮಾಡಿ, ನಿಮ್ಮ ಬಳೆಯನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಪಕ್ಕದಲ್ಲಿ ನೀವು ನಿಲ್ಲಿ, ಅದ್ರ ತಲೆ ನಿಮ್ಮ ಮೈಯಲ್ಲಿ ಎಲ್ಲಿಗೆ ಬರ್ತದೆ ಹೇಳಿ. ಟೇಪ್ ಹಿಡಿದು ಅಡ್ಡಕ್ಕೆ ಅಳತೆಯೂ ತೆಗೀರಿ.

ಜಾಲಿನ_ಬೆಕ್ಕು:

ತೊಡೆಯ ಮೇಲ್ಭಾಗಕ್ಕೆ ಬರ್ತದೆ. ಅಡ್ಡ 28 ಇಂಚು. ನನ್ನ ಎತ್ತರ ಐದಡಿ ಮೂರಿಂಚು.

ಬಳೆಗಾರ್ತಿ:

ಹಾಗಾದ್ರೆ ನಿಮ್ಮ ಮೈಗೆ ಎಂತದೂ ಆಗ್ಲಿಲ್ಲ ಮಾರಾಯ್ತಿ, ನೀವು ಮಕ್ಕಳ ಬಳೆಯಲ್ಲಿ ಕಲೀತಾ ಇದ್ದೀರಿ. ಹೊಸಬರಿಗೆ ಬಳೆ ಹೊಕ್ಕುಳಿಗಾದ್ರೂ ಬರ್ಬೇಕು, ಒಂದಿಂಚು ಮೇಲೆ ಬಂದ್ರೂ ಒಳ್ಳೆದೇ, ನಿಮ್ಮ ಎತ್ತರಕ್ಕೆ 38ರಿಂದ 40 ಇಂಚು. ಎಲ್ರೂ ತಿಳ್ಕೊಂಡದ್ದು ಉಲ್ಟಾ, ಸಣ್ಣದು ಸುಲಭ ದೊಡ್ಡದು ಕಷ್ಟ ಅಂತ. ದೊಡ್ಡ ಬಳೆ ನಿಧಾನ ತಿರುಗ್ತದೆ, ಒಂದು ಸುತ್ತು ಬಂದು ಹೊಟ್ಟೆಗೆ ತಾಗುವಷ್ಟರಲ್ಲಿ ನಿಮಗೆ ಯೋಚನೆ ಮಾಡ್ಲಿಕ್ಕೆ ಪುರ್ಸೊತ್ತು ಸಿಕ್ತದೆ. 28 ಇಂಚಿನದ್ದು ಗಿರಗಿರ ಅಂತ ಓಡ್ತದೆ, ಅದ್ರ ಜೊತೆ ಸೊಂಟ ಓಡ್ಬೇಕಾದ್ರೆ ನಾಲ್ಕು ವರ್ಷ ಮಾಡಿದ ನಂಗೇ ಬೆವರು ಬರ್ತದೆ. ಮೊದ್ಲು ಆಸ್ಟ್ರೇಲಿಯದ ಶಾಲೆಗಳಲ್ಲಿ ಬಿದಿರಿನ ಬಳೆ ತಿರುಗಿಸ್ತಿದ್ರು, ಅದನ್ನು ಕೇಳಿ ಅಮೆರಿಕದ ವ್ಯಾಮೋ ಕಂಪೆನಿಯವ್ರು 1958ರಲ್ಲಿ ಪ್ಲಾಸ್ಟಿಕಲ್ಲಿ ಮಾಡಿ ಕೋಟಿಗಟ್ಟಲೆ ಮಾರಿದ್ದು, ಆಟದ ಸಾಮಾನು ಅಂತ ಹೆಸರಾದದ್ದು ಆವಾಗ. ಹಾಗಾಗಿ ಇವತ್ತಿಗೂ ಅಂಗಡಿಯಲ್ಲಿ ಹೂಪ್ ಕೊಡಿ ಅಂದ್ರೆ ಎಂಟು ವರ್ಷದ ಮಗುವಿನದ್ದೇ ಕೊಡುದು. ಒಳಗೆ ಗುಂಡು ಗುಂಡು ಉಬ್ಬು ಇದ್ದು ಹೊರಗೆ ತೂಕದ ಚೆಂಡು ನೇತಾಡುದು ಬೇರೆ ಬರ್ತದೆ, ಅದನ್ನೂ ತೆಕ್ಕೊಳ್ಬೇಡಿ, ಅದ್ರಲ್ಲಿ ಡ್ಯಾನ್ಸ್ ಆಗುದಿಲ್ಲ.

ಹೊಸದಕ್ಕೆ ದುಡ್ಡು ಹಾಕುದೂ ಬೇಡ. ನಿಮ್ಮದು ಅಡಿಕೆ ತೋಟ ಅಲ್ವಾ? ತೋಟಕ್ಕೆ ನೀರು ಬಿಡುವ ಕಪ್ಪು ಪೈಪು, ಸುರುಳಿಯಲ್ಲಿ ಬರ್ತದಲ್ಲ, ಮುಕ್ಕಾಲು ಇಂಚಿನದ್ದು, ಅದೇ. ಹೂಪ್ ಮಾಡುವವ್ರು ಇಡೀ ಪ್ರಪಂಚದಲ್ಲಿ ಅದನ್ನೇ ಉಪಯೋಗಿಸುದು, ನಿಮ್ಮ ಮನೆಯ ಹಿಂದೆ ಬಿದ್ದಿರ್ತದೆ. 40 ಇಂಚಿನ ಬಳೆಗೆ 126 ಇಂಚು, ಅಂದ್ರೆ ಮೂರು ಮೀಟರ್ ಇಪ್ಪತ್ತು ಸೆಂಟಿಮೀಟರ್ ಪೈಪು ಬೇಕು. ಗರಗಸದಲ್ಲಿ ನೇರ ಕತ್ತರಿಸಿ, ಎರಡು ಕೊಡಿಯನ್ನೂ, ಅಂದ್ರೆ ತುದಿಯನ್ನೂ, ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿದ್ರೆ ಮೆತ್ತಗಾಗ್ತದೆ, ಆಗ ಜಾಯಿಂಟ್ ತುರುಕಿ, ತಣ್ಣಗಾದ್ರೆ ಮತ್ತೆ ಆನೆ ಎಳೆದ್ರೂ ಬರುದಿಲ್ಲ. ಪಿವಿಸಿ ತರ್ಬೇಡಿ, ಅದು ಬಗ್ಗುದಿಲ್ಲ, ಬಗ್ಗಿಸಿದ್ರೆ ಒಡೀತದೆ. ಮೇಲಿಂದ ಬಟ್ಟೆಯ ಟೇಪು ಓರೆ ಓರೆಯಾಗಿ ಸುತ್ತಿ, ನುಣ್ಣಗಿನ ಪೈಪು ಜಾರ್ತದೆ. ನೀವೂ ಪಾಲಿಯೆಸ್ಟರ್ ಟೀಶರ್ಟ್ ಹಾಕ್ಬೇಡಿ, ಹತ್ತಿ ಬಟ್ಟೆ ಹಾಕಿ, ಬಳೆಗೆ ಹಿಡಿತ ಬೇಕು.

ಇನ್ನು ತಿರುಗಿಸುದು. ಸೊಂಟವನ್ನು ಒರಳಲ್ಲಿ ಹಿಟ್ಟು ತಿರುವುವ ಹಾಗೆ ಸುತ್ತ ತಿರುಗಿಸ್ತಿದ್ದೀರಿ ಅಲ್ವಾ? ಬೇಡ. ಒಂದು ಕಾಲು ಮುಂದೆ ಒಂದು ಹಿಂದೆ, ಮೊಣಗಂಟು ಸಡಿಲ, ಬಳೆಯನ್ನು ಬೆನ್ನಿಗೆ ಅಂಟಿಸಿ ನೆಲಕ್ಕೆ ಸಮ ಹಿಡಿದು ಜೋರಾಗಿ ದೂಡಿ ಬಿಡಿ, ಆಮೇಲೆ ಮೈ ಮುಂದೆ ಹಿಂದೆ, ಮುಂದೆ ಹಿಂದೆ ಅಷ್ಟೇ. ಉಯ್ಯಾಲೆಗೆ ಕೈ ಕೊಡುವ ಹಾಗೆ, ಬಳೆ ಹೊಟ್ಟೆಗೆ ತಾಗಿದಾಗ ಒಂದು ದೂಡು, ಬೆನ್ನಿಗೆ ತಾಗಿದಾಗ ಒಂದು ದೂಡು. ಕೆಳಗೆ ಇಳೀತದೆ ಅಂತ ಅನಿಸಿದ್ರೆ ಕೈಯಿಂದ ಹಿಡೀಲಿಕ್ಕೆ ಹೋಗ್ಬೇಡಿ, ಮೊಣಗಂಟು ಸ್ವಲ್ಪ ಬಗ್ಗಿಸಿ ದೂಡುವ ಸ್ಪೀಡು ಹೆಚ್ಚು ಮಾಡಿ, ಹತ್ತರಲ್ಲಿ ಎಂಟು ಸಲ ಮೇಲೆ ಬರ್ತದೆ.

ನೀಲಿ ಗಟ್ಟುದು ಎಲ್ರಿಗೂ ಮೊದಲ ಎರಡು ವಾರ ಇದ್ದದ್ದೇ, ನನ್ನ ಸೊಂಟ ನೇರಳೆ ಹಣ್ಣಿನ ಬಣ್ಣ ಆಗಿತ್ತು. ಅಲ್ಲಿಗೆ ಎರಡು ದಿನ ಬಿಡಿ, ಒತ್ತಿ ಒತ್ತಿ ಮಾಡ್ಬೇಡಿ.

ಮತ್ತೆ ನೆಟ್ಟಲ್ಲಿ ಹೂಪ್ ಡ್ಯಾನ್ಸ್ ಅಂತ ಹುಡುಕಿದ್ರೆ ಅಮೆರಿಕದ ಮೂಲನಿವಾಸಿಗಳ ಕುಣಿತ ಬರ್ತದೆ, ಹತ್ತಾರು ಬಳೆ ಕೈಕಾಲಿಗೆ ಸಿಕ್ಕಿಸಿ ಹದ್ದು, ಚಿಟ್ಟೆ ಎಲ್ಲ ಮಾಡ್ತಾರೆ. ಅದು ಅವ್ರ ಸಂಪ್ರದಾಯ, ಬೇರೆಯೇ ವಿದ್ಯೆ. ನೋಡಿ, ಕಣ್ಣು ತಂಪಾಗ್ತದೆ, ಆದ್ರೆ ಅದ್ರಿಂದ ನಿಮ್ಮ ಸೊಂಟಕ್ಕೆ ಪಾಠ ಸಿಗುದಿಲ್ಲ.

ಮ್ಯಾಟು_ಮಣೆ (ನೀಲೇಶ್ವರ):

ಹದಿನೈದು ವರ್ಷದಿಂದ ಯೋಗ ಹೇಳಿಕೊಡ್ತಿದ್ದೇನೆ, ಮಲಯಾಳದಲ್ಲಿಯೇ. ಅಮ್ಮಾ, ಪದುಕ್ಕೆ ಅಂದ್ರೆ ಹತ್ತಕ್ಕೆ ಅಲ್ಲ. ಪದುಕ್ಕೆ ಅಂದ್ರೆ ನಿಧಾನ, ಮೆಲ್ಲಗೆ. ಹತ್ತಕ್ಕೆ ಮಲಯಾಳದಲ್ಲೂ ಪತ್ತು ಅಂತಲೇ ಹೇಳುದು, ನಿಮ್ಮ ಕಿವಿ ಅರ್ಧ ಸರಿ. ಟೀಚರು ನಿಧಾನ ನಿಧಾನ ಅಂತ ಹೇಳ್ತಾ ಇದ್ದಾರೆ, ನೀವು ತಲೆ ಕೆಳಗೆ ಮಾಡಿ ಉಸಿರು ಕಟ್ಟಿ ಹತ್ತು ಎಣಿಸ್ತಾ ಇದ್ದೀರಿ. ಎರಡು ತಿಂಗಳಿಂದ.

ಕಣ್ಣು ಕತ್ತಲೆ ಬಾರದೆ ಇನ್ನೆಂತ ಬರ್ಬೇಕು? ಉಸಿರು ಹಿಡಿದು ಬಗ್ಗಿ, ಆಮೇಲೆ ಉಸಿರಿಗೆ ಪರದಾಡಿ ದಡಕ್ಕನೆ ಎದ್ದು ನಿಂತ್ರೆ ರಕ್ತ ಕಾಲಲ್ಲೇ ಉಳೀತದೆ, ತಲೆಗೆ ಒಂದು ಕ್ಷಣ ಕಮ್ಮಿ ಬೀಳ್ತದೆ. ಸೂರ್ಯ ನಮಸ್ಕಾರದ ಹನ್ನೆರಡು ಸ್ಥಿತಿಯಲ್ಲಿ ಹೊಸಬರು ಎಲ್ಲಿಯೂ ಉಸಿರು ಕಟ್ಟಿಡುವ ಅಗತ್ಯ ಇಲ್ಲ, ಎದೆ ತೆರೆದುಕೊಳ್ಳುವಾಗ ಒಳಗೆ, ಬಗ್ಗುವಾಗ ಹೊರಗೆ, ಅಷ್ಟು ಸಾಕು. ಏಳುವಾಗ ಕೈ ತೊಡೆ ಮೇಲೆ ಇಟ್ಟು ಮೆಲ್ಲಗೆ, ತಲೆ ಕೊನೆಗೆ. ಇದನ್ನು ಸರಿ ಮಾಡಿದ ಮೇಲೆಯೂ ಎರಡು ವಾರ ತಲೆ ತಿರುಗಿದ್ರೆ ತಡ ಮಾಡದೆ ಬಿಪಿ, ಹಿಮೋಗ್ಲೋಬಿನ್ ನೋಡಿಸಿ, ನಿಮ್ಮ ವಯಸ್ಸಿನ ಹೆಂಗಸರಲ್ಲಿ ರಕ್ತ ಕಮ್ಮಿ ಇರುದು ಸಾಮಾನ್ಯ. ಬಿಪಿ ಹೆಚ್ಚಿದ್ರೆ ಕಪಾಲಭಾತಿ, ತಲೆ ಕೆಳಗಾಗುವ ಆಸನ ಎಲ್ಲ ಬಿಡ್ಬೇಕು, ಟೀಚರಿಗೆ ಮೊದ್ಲೇ ಹೇಳಿ.

ಬಗ್ಗುದು ಬರುದಿಲ್ಲ ಅಂದ್ರಿ. ಮೊಣಗಂಟು ಮಡಚಿ ಬಗ್ಗಿ, ಯಾರೂ ಫೈನ್ ಹಾಕುದಿಲ್ಲ. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತವರ ತೊಡೆಯ ಹಿಂದಿನ ಸ್ನಾಯು ಗಿಡ್ಡ ಆಗಿರ್ತದೆ, ಕಾಲು ನೆಟ್ಟಗೆ ಇಟ್ಟು ಹಟ ಮಾಡಿದ್ರೆ ಅದು ಸೊಂಟವನ್ನು ಎಳೀತದೆ, ನಿಮಗೆ ಮೊದ್ಲೇ ಸೊಂಟ ನೋವು. ಕೂತು ಮಾಡುವ ಪಶ್ಚಿಮೋತ್ತಾನದಲ್ಲಿ ಪಾದಕ್ಕೆ ಬೈರಾಸು (ಟವೆಲು) ಸುತ್ತಿ ಎರಡು ಕೊಡಿ ಹಿಡ್ಕೊಳ್ಳಿ. ಅಡಿಗೆ ಮನೆಯಿಂದ ಊಟದ ಮಣೆ ತಂದು ಅದ್ರ ಮೇಲೆ ಕೂತ್ರೆ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಗ್ತದೆ. ಬೆಲ್ಟು, ಮರದ ತುಂಡು, ಕುರ್ಚಿ, ಹಗ್ಗ ಎಲ್ಲ ಇಟ್ಟು ಆಗದ ಮೈಗೂ ಆಸನ ಮಾಡಿಸಿದ್ದು ನಮ್ಮ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಅವ್ರೇ ಸಣ್ಣದಿರುವಾಗ ಕಾಯಿಲೆಯ ಮೈ ಇಟ್ಕೊಂಡು ಮೈಸೂರಲ್ಲಿ ಕೃಷ್ಣಮಾಚಾರ್ಯರ ಹತ್ರ ಕಲಿತದ್ದು. ಹಾಗಾಗಿ ಬೈರಾಸು ಹಿಡಿದ್ರೆ ನಾಚಿಕೆ ಇಲ್ಲ.

ಮಣಿಕಟ್ಟಿಗೆ, ಬೆರಳು ಅಗಲ ಬಿಡಿಸಿ, ಭಾರ ಪೂರ್ತಿ ಅಂಗೈ ಬುಡಕ್ಕೆ ಹಾಕದೆ ಬೆರಳ ಗೆಣ್ಣಿನಲ್ಲಿ ನೆಲ ಒತ್ತಿ. ನೋವು ಇಳಿಯುವ ತನಕ ಹಲಗೆ ಭಂಗಿಯಲ್ಲಿ ಮೊಣಗಂಟು ಊರಿ.

ಅಜ್ಜಿಯನ್ನು ನೋಡ್ಬೇಡಿ. ಅವ್ರು ನಲುವತ್ತು ವರ್ಷ ಬಗ್ಗಿ ಅಂಗಳ ಗುಡಿಸಿ, ಕೂತು ಒರಳು ತಿರುವಿ ಬಂದವ್ರು, ನಿಮ್ಮ ಕ್ಲಾಸಿಗೆ ಸೇರುವ ಮೊದ್ಲೇ ಅವ್ರ ಕೋರ್ಸು ಮುಗಿದಿತ್ತು.

ಜಾಲಿನ_ಬೆಕ್ಕು:

ಅಯ್ಯೋ ದೇವರೇ!! ಪದುಕ್ಕೆ ಅಂದ್ರೆ ನಿಧಾನವಾ!! ಈಗ ನೆನಪಾಗ್ತಾ ಉಂಟು, ನಾನು ಉಸಿರು ಕಟ್ಟಿ ಕೆಂಪಾಗಿ ನಿಂತಾಗ ಟೀಚರು ಹತ್ರ ಬಂದು ಬೆನ್ನು ಮುಟ್ಟಿ ಇನ್ನೂ ಪ್ರೀತಿಯಲ್ಲಿ ಪದುಕ್ಕೆ ಪದುಕ್ಕೆ ಅಂತಿದ್ರು, ನಾನು ಓ ಇವ್ರು ಇನ್ನೊಂದು ಹತ್ತು ಹೇಳ್ತಾ ಇದ್ದಾರೆ ಅಂತ ಇಪ್ಪತ್ತರ ತನಕ ಎಣಿಸಿದ್ದುಂಟು. ಉಳಿದವ್ರಿಗೆ ನಿಯತ್ತಿಲ್ಲ ಅಂತ ಬರೆದದ್ದನ್ನು ವಾಪಾಸ್ ತೆಕ್ಕೊಳ್ತೇನೆ. ಗಂಡ ಹುಟ್ಟಿದ್ದೇ ಇಲ್ಲಿ, ಮಲಯಾಳ ನೀರು ಕುಡಿದ ಹಾಗೆ ಬರ್ತದೆ, ಅವ್ರ ಹತ್ರ ಒಂದು ಮಾತು ಕೇಳಿದ್ರೆ ಆಗ್ತಿತ್ತು. ಈಗ ಹೇಳಿದೆ, ಚಾವಡಿಯಲ್ಲಿ ಕೂತು ಕಣ್ಣೀರು ಬರುವ ಹಾಗೆ ನಗಾಡ್ತಾ ಇದ್ದಾರೆ, ಇದನ್ನು ಕುಟುಂಬದ ಗ್ರೂಪಿಗೆ ಹಾಕಿದ್ರೆ ಮನೆಗೆ ಬರುದಿಲ್ಲ ಅಂತ ಹೇಳಿ ಇಟ್ಟಿದ್ದೇನೆ.

ನೇರಮಾತು:

ನಾನೊಬ್ಬ ಹೇಳಿದ್ರೆ ಬೇಸರ ಮಾಡ್ಬೇಡಿ. ಯೋಗ ಅಂದ್ರೆ ಮನಸ್ಸಿನ ನಿಗ್ರಹ, ಸಾಧನೆ. ಅದ್ರ ಜೊತೆ ಸೊಂಟ ಕುಣಿಸುವ ಪ್ಲಾಸ್ಟಿಕ್ ಆಟ ಸೇರಿಸಿ ಎರಡೂ ಒಂದೇ ಅನ್ನುವ ಹಾಗೆ ಮಾತಾಡುದು ಸರಿ ಕಾಣುದಿಲ್ಲ. ಜೂನ್ 21 ಬಂದ್ರೆ ಫೋಟೊ, ಆಮೇಲೆ ಇಂಥದ್ದು.

ಮ್ಯಾಟು_ಮಣೆ (ನೀಲೇಶ್ವರ):

ಒಂದೇ ಅಂತ ಯಾರೂ ಹೇಳ್ಲಿಲ್ಲವಲ್ಲ. ಬೆಳಿಗ್ಗೆ ಆಸನ, ಸಂಜೆ ಬಳೆ. ಬೆಳಿಗ್ಗೆ ಪೂಜೆ ಮಾಡಿದವ್ರು ಸಂಜೆ ವಾಲಿಬಾಲ್ ಆಡ್ಬಾರ್ದು ಅಂತ ಉಂಟಾ?

ಜತ್ತದ_ಹುಡುಗ (ಜತ್ತ, ಸಾಂಗ್ಲಿ ಜಿಲ್ಲಾ):

ಅಕ್ಕಾರ, ನಮ್ಮೂರಾಗ ಕನ್ನಡಾ ಅದ, ಸಮುದ್ರ ಇಲ್ಲ ಅಡಕಿ ಇಲ್ಲ, ಬಳಿನೂ ಇಲ್ಲ ಬಿಡ್ರಿ. ಆದ್ರ ಯೋಗದ್ದು ಒಂದ ಮಾತ ಹೇಳ್ತೀನಿ ಕೇಳ್ರಿ, ಟೀಚರ್ ಇದ್ದಾರಲ್ಲ ನಿಮಗ, ಭಾಷಾ ತಿಳೀಲಿಲ್ಲ ಅಂದ್ರೂ ಕ್ಲಾಸ್ ಮಾತ್ರ ಬಿಡಬ್ಯಾಡ್ರಿ. ನನಗ ಯಾರೂ ಇರಲಿಲ್ಲ, ಮೊಬೈಲ್ ನೋಡಿ ಕಲತೆ. ಒಂದ ತಿಂಗಳ ತಾಡಾಸನ ವೃಕ್ಷಾಸನ ಮಾಡಿ ನನಗ ಎಲ್ಲಾ ಬಂತು ಅಂತ ಸೊಕ್ಕ ಬಂದು ಸೀದಾ ಶೀರ್ಷಾಸನಕ್ಕ ಹೋದೆ, ಗ್ವಾಡಿ ಯಾಕ ಬೇಕು ಅಂತ ಹೊಲದಾಗ ಕಣಕಿ ಬಣವಿ ಮುಂದ ಮಾಡಿದೆ, ಬಿದ್ರ ಮೆತ್ತಗ ಬೀಳ್ತೀನಿ ಅಂತ ಲೆಕ್ಕಾ. ಕಾಲ ಮ್ಯಾಲ ಹೋತು, ಎಷ್ಟ ಚಂದ ಅನಸ್ತು ಅಂದ್ರ, ಅಷ್ಟರಾಗ ನಮ್ಮ ಎಮ್ಮಿ ಬಂದು ಬಣವಿಗಿ ಬಾಯಿ ಹಾಕ್ತು, ನಾನು ಅದನ್ನ ಹಚಾ ಅನ್ನಾಕ ಕುತ್ತಿಗಿ ಹೊಳ್ಳಿಸಿದೆ. ತಲಿ ನೆಲದಾಗ ಇದ್ದಾಗ ಕುತ್ತಿಗಿ ಹೊಳ್ಳಿಸಬಾರದು ಅಂತ ಆ ವಿಡಿಯೋದಾಗ ಹೇಳಿದ್ರೋ ಏನೋ, ನಾ ಸ್ಕಿಪ್ ಮಾಡಿದ್ದೆ. ಮೂರ ವಾರ ಕುತ್ತಿಗಿಗಿ ಪಟ್ಟಾ ಹಾಕ್ಕೊಂಡು ಅಡ್ಯಾಡೇನಿ, ಮಂದಿ ಬೈಕ್ ಮ್ಯಾಲಿಂದ ಬಿದ್ದ್ಯೇನು ಅಂತ ಕೇಳಿದ್ರ ಹೌದು ಅಂತಿದ್ದೆ.

ಈಗ ಶೀರ್ಷಾಸನ ಬಿಟ್ಟೇನಿ, ಎಮ್ಮಿ ಅದ.

ಧೀಂಗಿಣ_ಅರ್ಧ (ಬದಿಯಡ್ಕ):

ಎಮ್ಮೆ ಕತೆ ಓದಿ ಬಸ್ಸಲ್ಲಿ ಒಬ್ನೇ ನಗಾಡಿದೆ, ಪಕ್ಕದವ್ರು ಸೀಟು ಬದಲಿಸಿದ್ರು.

ನಂಗೆ ಹೂಪ್ ಗೊತ್ತಿಲ್ಲ, ತಿರುಗುದು ಗೊತ್ತುಂಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿ ಯಕ್ಷಗಾನ ಕಲಿಯದಿದ್ರೆ ಹೇಗೆ ಅಂತ ಅಪ್ಪ ತೆಂಕುತಿಟ್ಟಿನ ಕ್ಲಾಸಿಗೆ ಹಾಕಿದ್ರು, ಮೂರು ವರ್ಷ ಹೋಗಿ ಬಿಟ್ಟವ ನಾನು, ಹಾಗೇ ಅರ್ಧ ಅಂತ ಹೆಸ್ರು. ಧೀಂಗಿಣ, ಅಂದ್ರೆ ಯಕ್ಷಗಾನದಲ್ಲಿ ಗಿರಗಿರ ಸುತ್ತುವ ಕುಣಿತ, ಕಲಿಸುವಾಗ ನಮ್ಮ ಗುರುಗಳು ಮೊದ್ಲು ಹೇಳಿಕೊಟ್ಟದ್ದು ಕಾಲಲ್ಲ, ಕಣ್ಣು. ಎದುರಿಗೆ ಒಂದು ಕಂಬ ನೋಡಿಟ್ಕೊ, ಮೈ ತಿರುಗುವಾಗ ಕಣ್ಣು ಆದಷ್ಟು ಹೊತ್ತು ಕಂಬದಲ್ಲೇ ಇರ್ಲಿ, ಇನ್ನು ಆಗುದಿಲ್ಲ ಅಂದಾಗ ತಲೆ ಸರ್‍ರಂತ ಸುತ್ತು ಹೊಡೆದು ಮೈಗಿಂತ ಮೊದ್ಲು ಕಂಬಕ್ಕೆ ವಾಪಾಸ್ ಬರ್ಬೇಕು. ಹಾಗೆ ಮಾಡಿದ್ರೆ ತಲೆ ತಿರುಗುದು ಎಷ್ಟೋ ಕಮ್ಮಿ. ನೀವು ಮುಂದೆ ಬಳೆಯ ಜೊತೆ ಮೈಯನ್ನೂ ತಿರುಗಿಸುದಾದ್ರೆ ಇದು ಉಪಯೋಗಕ್ಕೆ ಬಂದೀತು.

ಇನ್ನೊಂದು, ಒಂದೇ ಬದಿಗೆ ಅಭ್ಯಾಸ ಮಾಡ್ಬೇಡಿ. ನಾನು ಬರೀ ಬಲಕ್ಕೆ ತಿರುಗಿ ಕಲಿತದ್ದು, ಎಡಕ್ಕೆ ತಿರುಗಿದ್ರೆ ಇವತ್ತಿಗೂ ಕುಡಿದವನ ಹಾಗೆ ಕಾಣ್ತೇನೆ. ಬಳೆಗಾರ್ತಿಯವ್ರೆ ಇದು ನಿಮ್ಮಲ್ಲೂ ಹೌದಾ?

ಬಳೆಗಾರ್ತಿ:

ನೂರಕ್ಕೆ ನೂರು ಹೌದು. ಎಲ್ರಿಗೂ ಒಂದು ದಿಕ್ಕು ತನ್ನಷ್ಟಕ್ಕೆ ಬರ್ತದೆ, ನಂಗೆ ಗಡಿಯಾರದ ಉಲ್ಟಾ. ಆ ಬದಿ ಹತ್ತು ನಿಮಿಷ ಮಾಡಿದ್ರೆ ಇನ್ನೊಂದು ಬದಿ ಐದಾದ್ರೂ ಮಾಡ್ಬೇಕು, ಇಲ್ಲದಿದ್ರೆ ಸೊಂಟದ ಒಂದೇ ಬದಿ ಬಿಗೀತದೆ. ಇಲ್ಲಿ ಯೋಗ ಮಾಡುವವ್ರಿಗೆ ಲಾಭ, ಅರ್ಧ ಮತ್ಸ್ಯೇಂದ್ರಾಸನದ ಹಾಗೆ ಎರಡೂ ಬದಿಗೆ ತಿರುಚುವ ಆಸನ, ಆಮೇಲೆ ಬಾಲಾಸನ, ಭುಜಂಗಾಸನ ಇಷ್ಟು ಹೂಪ್ ಆದ ಮೇಲೆ ಮಾಡಿದ್ರೆ ಮಾರನೇ ದಿನ ಹಾಸಿಗೆಯಿಂದ ಏಳುವಾಗ ಅಮ್ಮಾ ಅನ್ನುವ ಪ್ರಸಂಗ ಬರುದಿಲ್ಲ. ಹಾಗಾಗಿ ಎರಡರಲ್ಲಿ ಒಂದು ಬಿಡುದು ಬೇಡ ಅಂತ ನನ್ನ ಓಟು.

ಧೀಂಗಿಣದವ್ರು ಮೈ ತಿರುಗಿಸುದು ಅಂದದ್ದಕ್ಕೆ ಒಂದು ಗುಟ್ಟು ಹೇಳ್ತೇನೆ. ಬಳೆ ಯಾವ ದಿಕ್ಕಿಗೆ ಹೋಗ್ತದೋ ಅದೇ ದಿಕ್ಕಿಗೆ ನೀವೂ ಮೆಲ್ಲ ಹೆಜ್ಜೆ ಹಾಕಿ ತಿರುಗಿದ್ರೆ ನಿಮ್ಮ ಲೆಕ್ಕಕ್ಕೆ ಬಳೆ ನಿಧಾನ ಆದ ಹಾಗೆ, ಜೊತೆಗೆ ಹೋಗುವ ಬಸ್ಸು ಕಿಟಕಿಯಿಂದ ನಿಧಾನ ಕಾಣ್ತದಲ್ಲ ಹಾಗೆ. ಬೀಳ್ಲಿಕ್ಕೆ ಶುರುವಾದ ಬಳೆಯನ್ನು ಉಳಿಸ್ಲಿಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಮೈ ಆಗದ ಮೈಯಾ ಅಂತ ಕೇಳಿದ್ದಕ್ಕೆ ಮಾತ್ರ ಪೂರ್ತಿ ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ. 2024ರ ಕೊನೆಗೆ ನ್ಯೂಯಾರ್ಕ್ ಯೂನಿವರ್ಸಿಟಿಯವ್ರ ಒಂದು ಪೇಪರ್ ಬಂತು, ಮನುಷ್ಯನ ಹತ್ತನೇ ಒಂದು ಭಾಗದಷ್ಟು ಸಣ್ಣ ಗೊಂಬೆಗಳನ್ನು ತ್ರೀಡಿ ಪ್ರಿಂಟ್ ಮಾಡಿ ಮೋಟರಲ್ಲಿ ಅಲ್ಲಾಡಿಸಿ ಬಳೆ ಬಿಟ್ಟು ನೋಡಿದ್ದಾರೆ. ಡಬ್ಬದ ಹಾಗೆ ನೇರ ಇದ್ದದ್ದ್ರಲ್ಲಿ ಬಳೆ ಇಳಿದು ಹೋಯ್ತು, ಕೆಳಗೆ ಅಗಲ ಆಗ್ತಾ ಹೋಗುವ ಸೊಂಟ ಮತ್ತೆ ನಡು ಒಳಗೆ ಬಾಗಿದ ಆಕಾರ, ಎರಡೂ ಇದ್ದದ್ದ್ರಲ್ಲಿ ನಿಂತಿತು. ಹಾಗಾಗಿ ಕೆಲವ್ರಿಗೆ ಹುಟ್ಟಿನಿಂದಲೇ ಶೆಲ್ಫ್ ಕೊಟ್ಟಿರ್ತದೆ, ಕೆಲವ್ರು ಜಾಸ್ತಿ ದೂಡ್ಬೇಕು. ನಾನು ಡಬ್ಬ ಜಾತಿ, ದೂಡಿ ದೂಡಿಯೇ ಕಲಿತದ್ದು.

ಸುಮ್ನೆ_ಓದುವವ (ಕುಂಬಳೆ):

ನಾನು ಡ್ರಮ್ ಜಾತಿ. ಕೇಳಿದ್ದಕ್ಕೆ ಹೇಳಿದ್ದಲ್ಲ, ಸುಮ್ನೆ.

ಜಾಲಿನ_ಬೆಕ್ಕು:

ಹನ್ನೆರಡು ದಿನ ಆಯ್ತು, ಎಲ್ಲಿ ಹೋದ್ಲು ಅಂತ ಯಾರೂ ಕೇಳ್ಲಿಲ್ಲ, ಇರ್ಲಿ.

ಯೋಗದ್ದು ಮೊದ್ಲು. ಉಸಿರು ಕಟ್ಟುದು ಬಿಟ್ಟೆ, ಈಗ ಆರು ಸುತ್ತು ಸೂರ್ಯ ನಮಸ್ಕಾರ ಆಗ್ತದೆ, ಕಪಾಟು ಹಿಡೀಲಿಕ್ಕೆ ಹೋಗ್ಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆ, ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ ಇತ್ತು, ಮಾತ್ರೆ ಕೊಟ್ಟಿದ್ದಾರೆ, ಮ್ಯಾಟು ಮಣೆಯವ್ರಿಗೆ ದೊಡ್ಡ ನಮಸ್ಕಾರ. ಬೈರಾಸು ಹಿಡ್ಕೊಂಡು ಹೋದೆ ಕ್ಲಾಸಿಗೆ, ಮೊದ್ಲು ನಾಚಿಕೆ ಆಯ್ತು, ಮುಂದಿನ ವಾರಕ್ಕೆ ಇಬ್ರು ತೋರ್ತು (ಇಲ್ಲಿಯ ಟವೆಲು) ತಂದಿದ್ರು. ಪದುಕ್ಕೆ ಕತೆ ಟೀಚರಿಗೆ ಹೇಳಿದೆ, ಅವ್ರು ಒಂದು ಕ್ಷಣ ನನ್ನನ್ನೇ ನೋಡಿ ಆಮೇಲೆ ನೆಲದ ಮೇಲೆ ಕೂತು ನಕ್ಕರು, ಈಗ ನಂಗೆ ಮಾತ್ರ ಕನ್ನಡದಲ್ಲಿ "ಮೆಲ್ಲ, ಮೆಲ್ಲ" ಅಂತ ಹೇಳ್ತಾರೆ, ಅವ್ರ ಬಾಯಲ್ಲಿ ಅದು ಮೆಲ್ಲೆ ಆಗ್ತದೆ. ಬೆರಳು ಇನ್ನೂ ಮೊಣಗಂಟಿಂದ ಆರಿಂಚು ಕೆಳಗೆ, ಅಂದ್ರೆ ಎರಡಿಂಚು ಲಾಭ.

ಬಳೆದು ದೊಡ್ಡ ಕತೆ. ಗಂಡನ ಹತ್ರ ಪೈಪು ಹೇಳಿದೆ, ಬಳೆಗಾರ್ತಿಯವ್ರು ಬೇಡ ಅಂತ ಬರೆದದ್ದನ್ನು ಓದಿ ಹೇಳಿದ್ರೂ ಇವ್ರು ಪೇಟೆಯಿಂದ ಪಿವಿಸಿಯೇ ತಂದ್ರು, ಬಿಳಿ ಚಂದ ಕಾಣ್ತದೆ ಅಂತ. ಬಗ್ಗಿಸ್ಲಿಕ್ಕೆ ತೆಂಗಿನ ಮರಕ್ಕೆ ಕಟ್ಟಿ ಇಬ್ರೂ ಎಳೆದದ್ದು, ಟಪ್ ಅಂತ ಶಬ್ದ ಆಗಿ ನಾಯಿ ಓಡಿದ್ದು ಸಂಜೆ ತನಕ ಬರ್ಲಿಲ್ಲ. ಆಮೇಲೆ ಪಂಪ್‌ಶೆಡ್ಡಿನ ಹಿಂದೆ ಹಳೆ ಸುರುಳಿ ಸಿಕ್ಕಿತು, ಮುಕ್ಕಾಲು ಇಂಚಿಂದೇ, ಕೆಸರು ತೊಳೆದು 126 ಇಂಚು ಕತ್ತರಿಸಿ ಬಚ್ಚಲಿನ ಹಂಡೆ ನೀರಲ್ಲಿ ಕೊಡಿ ಅದ್ದಿದೆವು, ಅಷ್ಟು ಬಿಸಿ ಸಾಲ್ಲಿಲ್ಲ, ಗ್ಯಾಸಲ್ಲಿ ಕುದಿಸಿದ ಮೇಲೆಯೇ ಜಾಯಿಂಟ್ ಹೋದದ್ದು. ಸೀರೆಗೆ ಹಚ್ಚುವ ಹಳೆ ಫಾಲ್ ಬಟ್ಟೆ ಸುತ್ತಿದೆ, ಟೇಪು ಇರ್ಲಿಲ್ಲ. ನೋಡ್ಲಿಕ್ಕೆ ಟಯರ್ ಹಾಗೆ ಉಂಟು, ಗುಲಾಬಿ ಹಳದಿ ಎಲ್ಲ ಇಲ್ಲ.

ಮೊದಲನೇ ಸಲ ಬಿಟ್ಟದ್ದು, ಏಳು ಸುತ್ತು. ಏಳು! ನಂಗೇ ನಂಬಿಕೆ ಬರ್ಲಿಲ್ಲ. ಅದು ಎಷ್ಟು ನಿಧಾನ ಬರ್ತದೆ ಅಂದ್ರೆ ಬೆನ್ನಿಗೆ ತಾಗಿತು, ಈಗ ಬದಿಗೆ ಬಂತು, ಈಗ ಹೊಟ್ಟೆ, ದೂಡು ಅಂತ ಒಳಗೆ ಒಬ್ರು ಹೇಳಿದ ಹಾಗೆ ಗೊತ್ತಾಗ್ತದೆ. ಮುಂದೆ ಹಿಂದೆ ಮಾತ್ರ ಮಾಡುದು ಅಂತ ತಲೆಗೆ ಗೊತ್ತಿದ್ರೂ ಸೊಂಟ ಸುತ್ತ ತಿರುಗ್ಲಿಕ್ಕೆ ನೋಡ್ತದೆ, ಹಾಗಾದಾಗ ಬೀಳ್ತದೆ. ನಿನ್ನೆ ಸಂಜೆ ಒಂದು ಹಾಡಿನ ಅರ್ಧದ ತನಕ ಬೀಳ್ಲಿಲ್ಲ, ಎಣಿಸುದು ಬಿಟ್ಟೆ, ಎಣಿಸಿ ಎಣಿಸಿ ಸಾಕಾಗಿದೆ ನಂಗೆ. ಇನ್ನೊಂದು ಬದಿಗೆ ಮಾತ್ರ ಎರಡೇ ಸುತ್ತು, ಧೀಂಗಿಣದವ್ರು ಹೇಳಿದ ಹಾಗೆ ಕುಡಿದವ್ರ ಹಾಗೆಯೇ. ಮಳೆ ಶುರುವಾದ್ರೆ ಎಲ್ಲಿ ಮಾಡುದು ಅಂತ ಒಂದು ಚಿಂತೆ, ಚಾವಡಿಯಲ್ಲಿ ಕೈ ಎತ್ತಿದ್ರೆ ಫ್ಯಾನು.

ಧೀಂಗಿಣ_ಅರ್ಧ (ಬದಿಯಡ್ಕ):

ಅಡಿಕೆ ಗೋಡೌನ್ ಖಾಲಿ ಇರ್ತದಲ್ಲ ಮಳೆಗಾಲ, ಅಲ್ಲಿ. ನಾವು ಅಲ್ಲಿಯೇ ಕುಣೀತಿದ್ದದ್ದು.

ಬಳೆಗಾರ್ತಿ:

ಫಾಲ್ ಬಟ್ಟೆ! ನಾಲ್ಕು ವರ್ಷದಲ್ಲಿ ನಂಗೆ ಹೊಳೀಲಿಲ್ಲ ಅದು. ಒಂದು ಸುರುಳಿಯಲ್ಲಿ ಇನ್ನೂ ಪೈಪು ಉಳಿದಿದ್ರೆ ಬಿಸಾಡ್ಬೇಡಿ, ನಿಮಗೇ ಮೂರು ತಿಂಗಳಲ್ಲಿ ಇನ್ನೊಂದು ಎರಡಿಂಚು ಸಣ್ಣದು ಬೇಕಾಗ್ತದೆ.

ಜಾಲಿನ_ಬೆಕ್ಕು:

ಉಳಿದಿತ್ತು, ಎರಡು ಬಳೆ ಆಗುವಷ್ಟು. ಒಂದಕ್ಕೆ ಟೀಚರು ಹೇಳಿಟ್ಟಿದ್ದಾರೆ. ಇನ್ನೊಂದಕ್ಕೆ ಪಕ್ಕದ ಮ್ಯಾಟಿನ ಅಜ್ಜಿಯ ಅಳತೆ ತೆಕ್ಕೊಂಡು ಬಂದೆ, 37 ಇಂಚು.